ಅವ್ವ ಭಾಷಣ ಮಾಡುತ್ತಿದ್ದ ವರ್ಷಗಳು

ನನ್ನ ದೊಡ್ಡವ್ವ ಹೇಗೆ ಸತ್ತಳು ಎನ್ನುವುದು ನನಗೆ ಗೊತ್ತಾದದ್ದು ನಮ್ಮ ಮನೆಯಲ್ಲಲ್ಲ, ಶಾಲೆಯ ಮೈದಾನದಲ್ಲಿ, ಮೈಕಿನ ಮೂಲಕ. ನಾನಾಗ ಐದನೇ ಕ್ಲಾಸು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದೆ. ಶಾಮಿಯಾನದ ಕೆಳಗೆ ಅವ್ವ ನಿಂತು, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನ ಕಡೆ ಒಂದು ಸಲವೂ ನೋಡದೆ ಹೇಳುತ್ತಿದ್ದಳು. ಅವಳ ಅಕ್ಕನಿಗೆ ಹೆರಿಗೆ ನೋವು ಎದ್ದದ್ದು, ಊರೊಳಗೆ ಹೋಗಿ ಎತ್ತಿನ ಗಾಡಿ ಕೇಳಿದ್ದು, ಗಾಡಿ ಮೈಲಿಗೆಯಾಗುತ್ತದೆಂದು ನಾಲ್ಕು ಮನೆಯವರೂ ಕೊಡದೆ ಹೋದದ್ದು, ಕೊನೆಗೆ ಮಂಚದ ಮೇಲೆ ಮಲಗಿಸಿ ಹೊತ್ತುಕೊಂಡು ಹೊರಟದ್ದು, ಹಿರಿಯೂರಿನ ರಸ್ತೆ ಸಿಗುವ ಮೊದಲೇ ಹೊಟ್ಟೆಯೊಳಗಿನ ಕೂಸೂ ಅವಳೂ ಹೋದದ್ದು. ಹೇಳಿ ಮುಗಿದ ಮೇಲೆ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಗಾಡಿ ಕೊಡದ ಮನೆಯವರೂ ಅಲ್ಲಿದ್ದರು, ಅವರೂ ತಟ್ಟಿದರು. ಅವರಲ್ಲೊಬ್ಬ ಟವಲಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದೆ. ಯಾಕೆ ತಟ್ಟುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಪಕ್ಕದ ಹುಡುಗಿಯರು ತಟ್ಟುತ್ತಿದ್ದರು, ನಾನೂ ತಟ್ಟಿದೆ.

ಐಮಂಗಲದಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ಊರು ಮುಗಿದು, ಹುಣಸೆಮರ ದಾಟಿ, ಒಂದು ಹೊಲದಷ್ಟು ಖಾಲಿ ಜಾಗ ಬಿಟ್ಟ ಮೇಲೆ ನಮ್ಮ ಜನರ ಎ.ಕೆ. ಕಾಲೋನಿ. ಅಲ್ಲಿ ಎರಡು ಕೋಣೆಯ ಮನೆ ನಮ್ಮದು. ಆದರೆ ಕಾಲೋನಿಯಲ್ಲೇ ಅಷ್ಟು ನುಣುಪಾದ ಗೋಡೆ ಇನ್ನೊಂದಿರಲಿಲ್ಲ. ಅಪ್ಪ ದುರ್ಗಪ್ಪ ಗಾರೆ ಕೆಲಸದವನು. ಅವನು ಗಿಲಾವು ಮಾಡಿದ ಗೋಡೆಯ ಮೇಲೆ ಅಂಗೈ ಸವರಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಊರೊಳಗಿನ ಹೊಸ ಮನೆಗಳಲ್ಲಿ ಅರ್ಧಕ್ಕರ್ಧ ಅವನ ಕೈಯವು. ಅಡಿಗೆಮನೆಯ ಒಲೆಕಟ್ಟೆ, ದೇವರಕೋಣೆಯ ಗೂಡು, ಬಚ್ಚಲ ತೊಟ್ಟಿ, ಎಲ್ಲವನ್ನೂ ಅವನೇ ಕಟ್ಟುತ್ತಿದ್ದ. ಗೃಹಪ್ರವೇಶದ ದಿನ ಪುರೋಹಿತರು ಬಂದು ನೀರು ಚಿಮುಕಿಸಿದರೆ ಮುಗಿಯಿತು, ಆಮೇಲೆ ಅವನು ಹೊಸಿಲು ದಾಟುವಂತಿಲ್ಲ. ಅಂಗಳದಲ್ಲಿ ಎಲೆ ಹಾಕುತ್ತಿದ್ದರು, ಉಂಡು ಬರುತ್ತಿದ್ದ. ಇದನ್ನು ಅಪ್ಪ ಮನೆಯಲ್ಲಿ ಎಂದೂ ದೂರಿನಂತೆ ಹೇಳಿದವನಲ್ಲ. ಸಂಜೆ ಬಂದು ಗಾರೆ ಮೆತ್ತುವ ಕರಣೆಯನ್ನು ತೊಳೆದು, ಒರೆಸಿ, ಗೂಡಿನಲ್ಲಿಡುತ್ತಿದ್ದ. ಅವ್ವ ಓಬಕ್ಕ ಮುದ್ದೆ ತಿರುವುತ್ತಿದ್ದಳು. ಮೂಲೆಯಲ್ಲಿ ಅಜ್ಜಿ, ಅವ್ವನ ತಾಯಿ, ಮೊಣಕಾಲು ಚಾಚಿಕೊಂಡು ಹುರುಳಿ ಆರಿಸುತ್ತಿದ್ದಳು. ಸತ್ತ ದೊಡ್ಡವ್ವ ಅಜ್ಜಿಯ ಹಿರಿಮಗಳು. ಅವಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅವ್ವನನ್ನು ಮೈಕಿನ ಮುಂದೆ ನಿಲ್ಲಿಸಿದವರು ನಮ್ಮ ಶಾಲೆಯ ಮೇಷ್ಟ್ರು. ಹೊಳಲ್ಕೆರೆಯವರು. ಬಿಳಿ ಅಂಗಿ, ಹೆಗಲಿಗೊಂದು ಬಟ್ಟೆ ಚೀಲ. ನಮ್ಮ ಮಕ್ಕಳನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಮುಂದಕ್ಕೆ ಕೂರಿಸಿದ ಮೊದಲ ಮೇಷ್ಟ್ರು ಅವರು. ಇದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಜನ ಎದುರುಬದುರು ಕೂತು ಜಾತಿಯ ಬಗ್ಗೆ ಬಾಯಿಬಿಟ್ಟು ಮಾತಾಡಿದರೆ ಮನಸ್ಸು ತಿರುಗುತ್ತದೆ ಎಂದು ಅವರು ನಂಬಿದ್ದರು. ಅದಕ್ಕಾಗಿ ಅಸ್ಪೃಶ್ಯತೆಯ ವಿರುದ್ಧ ಅರಿವಿನ ಸಭೆಗಳನ್ನು ಮಾಡಿಸುತ್ತಿದ್ದರು. ಏಳನೆಯವರೆಗೆ ಓದಿದ್ದ, ಮಾತಿನಲ್ಲಿ ಚುರುಕಾಗಿದ್ದ ಅವ್ವನನ್ನು ಹುಡುಕಿಕೊಂಡು ಕಾಲೋನಿಗೇ ಬಂದರು. ನಮ್ಮೂರಿನ ಸಭೆಯಾದ ಮೇಲೆ ಹಿರಿಯೂರಿನಲ್ಲಿ, ಆಮೇಲೆ ಹೊಸದುರ್ಗದಲ್ಲಿ, ಹೀಗೆ ಎರಡು ವರ್ಷ ಅವ್ವ ಎಲ್ಲೆಲ್ಲೋ ಹೋಗಿ ಮಾತಾಡಿದಳು. ರಜೆಯಿದ್ದರೆ ನಾನೂ ಜೊತೆಗೆ ಹೋಗುತ್ತಿದ್ದೆ. ಹೋಗುವ ಮುಂಚಿನ ದಿನ ಮೇಷ್ಟ್ರು ನಮ್ಮ ಮನೆಯ ಬಾಗಿಲಲ್ಲಿ ನಿಂತು ತಿದ್ದುತ್ತಿದ್ದರು. ಒಳಗೆ ಬರ್ರಿ ಎಂದರೆ, ಇಲ್ಲ, ಟೈಮಿಲ್ಲ ಎನ್ನುತ್ತಿದ್ದರು.

"ಓಬಕ್ಕ, ನಿಮ್ಮಕ್ಕನ ಕಥೆನ ಮೊದಲಿಗೇ ಹೇಳಬ್ಯಾಡ್ರಿ. ಕೊನೆಗೆ ಇಟ್ಕಳ್ರಿ. ಹೋದ್ಸಲ ಗಂಟಲು ಕಟ್ಟಿತ್ತಲ್ಲ, ಅಲ್ಲಿ ಒಂಚೂರು ನಿಲ್ಲಿಸ್ರಿ. ಜನಕ್ಕೆ ಅದು ತಟ್ಟುತ್ತೆ."

ಅವ್ವ ಒಲೆಯ ಮುಂದೆ ಕೂತು ಅದನ್ನೇ ಅಭ್ಯಾಸ ಮಾಡುತ್ತಿದ್ದಳು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು. ಮುದ್ದೆಯ ಕೋಲು ತಿರುಗುತ್ತಿತ್ತು, ಬಾಯಲ್ಲಿ ಅವಳ ಅಕ್ಕ ಸಾಯುತ್ತಿದ್ದಳು. ನನಗೆ ಎಷ್ಟು ಬಾಯಿಪಾಠವಾಗಿತ್ತೆಂದರೆ, ಮಂಚ ಹೊತ್ತವರು ಮೊದಲ ಸಲ ಎಲ್ಲಿ ಇಳಿಸಿದರು, ಎರಡನೇ ಸಲ ಎಲ್ಲಿ ಇಳಿಸಿದರು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಒಂದು ದಿನ ಅಜ್ಜಿ ಹುರುಳಿಯ ಮೊರವನ್ನು ನೆಲಕ್ಕೆ ಬಡಿದಳು. ಕಾಳೆಲ್ಲ ಮನೆ ತುಂಬ ಚೆಲ್ಲಿದವು.

"ಲೇ ಓಬಿ, ನನ್ ಮಗಳ ಹೆಣನ ಊರೂರು ಹೊತ್ಕಂಡು ತಿರುಗ್ತೀಯೇನೇ? ಹಿರಿಯೂರಾತು, ಹೊಸದುರ್ಗಾತು. ಇನ್ನೆಲ್ಲಿಗೆ ಒಯ್ತೀಯ ಅವಳನ್ನ?"

"ಸುಮ್ನಿರವ್ವ. ನಾಕು ಜನಕ್ಕೆ ಗೊತ್ತಾದ್ರೆ ಇನ್ನೊಬ್ರ ಮಗಳಿಗಾದ್ರೂ ಗಾಡಿ ಸಿಗ್ತೈತೆ."

"ಗಾಡಿ ಕೊಡದೋರ್ಗೆ ಗೊತ್ತಿರಲಿಲ್ವೇನೇ ನನ್ ಮಗಳು ಸಾಯ್ತಾಳೆ ಅಂತ? ಗೊತ್ತಿದ್ದೇ ಕೊಡಲಿಲ್ಲ ಅವರು!"

ಅವ್ವ ಚೆಲ್ಲಿದ ಕಾಳನ್ನು ಒಂದೊಂದೇ ಆಯತೊಡಗಿದಳು. ಜನಕ್ಕೆ ತಿಳಿವಳಿಕೆಯಿಲ್ಲ, ತಿಳಿಸಿ ಹೇಳಿದರೆ ಸರಿಹೋಗುತ್ತಾರೆ ಎನ್ನುವ ಮಾತನ್ನು ಈಗಲೂ ವೇದಿಕೆಯ ಮೇಲೆ ಕೇಳುತ್ತಿರುತ್ತೇನೆ. ಕೇಳಿದಾಗಲೆಲ್ಲ ಓದು ಬರಹ ಬಾರದ ನಮ್ಮಜ್ಜಿ ಮೊರ ಬಡಿದ ಸದ್ದು ಕಿವಿಯಲ್ಲಾಗುತ್ತದೆ. ಅವಳು ಆವತ್ತು ರಾತ್ರಿಯೂಟ ಮಾಡಲಿಲ್ಲ. ಅವ್ವ ಮಾರನೆಯ ದಿನ ಸಭೆಗೆ ಹೋಗುವುದನ್ನು ತಪ್ಪಿಸಲೂ ಇಲ್ಲ. ಅಪ್ಪ ಇಬ್ಬರ ನಡುವೆ ಕೂತು, ತನ್ನ ತಟ್ಟೆಯ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ಉಂಡ.

ಹೊಳಲ್ಕೆರೆಯ ಸಭೆ ಆದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಬೇಸಿಗೆ ರಜೆಯಲ್ಲಿ. ಮೇಷ್ಟ್ರ ಸ್ವಂತ ಊರು. ಜನ ತುಂಬಿದ್ದರು. ಅವ್ವ ಅಂದು ಬಹಳ ಚೆನ್ನಾಗಿ ಮಾತಾಡಿದಳು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದಳು. ಸಭೆ ಮುಗಿದ ಮೇಲೆ ಮೇಷ್ಟ್ರು ಎಲ್ಲರೆದುರಿಗೆ, ಊಟ ನಮ್ಮನೇಲಿ ಓಬಕ್ಕ, ಮಗಳನ್ನೂ ಕರ್ಕಂಡು ಬರ್ರಿ ಎಂದರು. ಅವ್ವನ ಮುಖ ನೋಡಬೇಕಿತ್ತು. ಬೀದಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು, ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಉಣ್ಣುವಾಗ ಸೊರ್ ಅಂತ ಸದ್ದು ಮಾಡಬ್ಯಾಡ ಎಂದು ದಾರಿಯುದ್ದಕ್ಕೂ ಹೇಳಿದಳು. ಮೇಷ್ಟ್ರ ಮನೆ ದೊಡ್ಡದು, ಮುಂದೆ ಉದ್ದನೆಯ ಜಗಲಿ. ಸಭೆಗೆ ಬಂದಿದ್ದ ಇಬ್ಬರು ಅಧಿಕಾರಿಗಳೂ ದಾವಣಗೆರೆಯಿಂದ ಬಂದ ಇನ್ನೊಬ್ಬ ಭಾಷಣಕಾರರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ನಾವೂ ಚಪ್ಪಲಿ ಬಿಟ್ಟೆವು. ಅವ್ವ ಹೊಸಿಲಿಗೆ ಕಾಲಿಡುವ ಮೊದಲೇ ಮೇಷ್ಟ್ರು ಹಿಂತಿರುಗಿ ಬಂದರು.

"ಓಬಕ್ಕ, ಇಲ್ಲೇ ಕುಂತ್ಕಳ್ರಿ. ಗಾಳಿ ಚೆನ್ನಾಗೈತೆ. ಒಳಗೆ ನಮ್ಮವ್ವ ಇದ್ದಾಳೆ, ಹಳೇ ಕಾಲದೋಳು. ತಪ್ಪು ತಿಳ್ಕಬ್ಯಾಡ್ರಿ."

ಅವ್ವ "ಆತು ಬಿಡ್ರಿ" ಎಂದಳು. ಬೇರೆ ಏನು ಅನ್ನುತ್ತಾಳೆ? ಜಗಲಿಯ ಮೇಲೂ ಅಲ್ಲ, ಅದರ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ ಎರಡು ಎಲೆ ಹಾಕಿದರು. ಮೇಷ್ಟ್ರ ಹೆಂಡತಿ ಬಂದು ಹೋಳಿಗೆಯನ್ನು ಮೊಳದಷ್ಟು ಮೇಲಿನಿಂದ ಎಲೆಗೆ ಬಿಟ್ಟರು. ಬಿದ್ದ ರಭಸಕ್ಕೆ ನನ್ನ ಹೋಳಿಗೆ ಮಡಚಿಕೊಂಡಿತು. ತುಪ್ಪವನ್ನೂ ಹಾಗೆಯೇ ಮೇಲಿನಿಂದ ಸುರಿದರು, ಅರ್ಧ ನನ್ನ ಲಂಗದ ಮೇಲೆ ಬಿತ್ತು. ಒಳಗಿನಿಂದ ಮಾತು ಕೇಳುತ್ತಿತ್ತು. ಎಂಥಾ ಮನಮುಟ್ಟುವ ಮಾತು ಆ ಹೆಣ್ಣುಮಗಳದು, ಇಂಥವರು ಹಳ್ಳಿಹಳ್ಳಿಗೂ ಬೇಕು, ಎಂದು ಅಧಿಕಾರಿಯೊಬ್ಬರು ಹೇಳುತ್ತಿದ್ದರು. ಅವ್ವ ಎಲೆಯನ್ನು ಮುಟ್ಟಲಿಲ್ಲ. ನಾನು ಹಸಿದಿದ್ದೆ. ಮೂರು ಹೋಳಿಗೆ ತಿಂದೆ. ರುಚಿಯಾಗಿದ್ದವು. ಆ ರುಚಿ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನಾನು ಕೈ ತೊಳೆದ ಮೇಲೆ ಮೇಷ್ಟ್ರ ಹೆಂಡತಿ ಸಗಣಿ ನೀರಿನ ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟು, ಎಲೆ ತೆಗೆದು ಜಾಗ ಸಾರಿಸಿಬಿಡವ್ವ ಎಂದು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿನ ಹಿಂದೆ ಸಾವಿರ ಜನರಿಂದ ಚಪ್ಪಾಳೆ ತಟ್ಟಿಸಿಕೊಂಡಿದ್ದ ನನ್ನವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಮಗಳು ಕೂತಿದ್ದ ನೆಲವನ್ನು ಸಾರಿಸಿದಳು. ಮೇಷ್ಟ್ರು ಕಿಟಕಿಯಲ್ಲಿದ್ದರು. ನೋಡಿದರು. ನನ್ನ ಕಣ್ಣಿಗೆ ಅವರ ಕಣ್ಣು ಸಿಕ್ಕಿದ ತಕ್ಷಣ ಕಿಟಕಿಯಿಂದ ಸರಿದರು.

ಮನೆಗೆ ಬಂದ ಮೇಲೆ ನಾನೇ ಎಲ್ಲ ಹೇಳಿದೆ. ಅಪ್ಪ ಕರಣೆ ಒರೆಸುತ್ತ ಕೇಳಿಸಿಕೊಂಡ.

"ನಾನು ಇಷ್ಟು ವರ್ಷದಿಂದ ಹಂಗೇ ಉಣ್ತಾ ಇದ್ದೀನಿ. ನಿಂಗೆ ಇವತ್ತು ಗೊತ್ತಾತಾ?"

"ನಿನ್ನನ್ನ ಯಾರೂ ಭಾಷಣ ಮಾಡ್ಸಿ ಕಳ್ಸಲ್ಲ," ಎಂದಳು ಅವ್ವ. "ನನ್ನ ಕೈಲಿ ಅಕ್ಕನ ಸಾವು ಹೇಳ್ಸಿ, ಕೇಳಿ, ಅತ್ತು, ಆಮ್ಯಾಲೆ ಸಗಣಿ ಬಕೀಟು ಇಟ್ರು."

ಎರಡು ತಿಂಗಳ ಮೇಲೆ ಜಿಲ್ಲಾಕೇಂದ್ರ ದುರ್ಗದಲ್ಲಿ ದೊಡ್ಡ ಸಭೆಯಿತ್ತು. ಅವ್ವ ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಮೇಷ್ಟ್ರಿಗೆ ಹೂಂ ಅಂದಳು. ಈ ಸಲ ಒಲೆಯ ಮುಂದೆ ಅಭ್ಯಾಸ ಮಾಡಲಿಲ್ಲ. ಆವತ್ತು ಶಾಲೆ ತಪ್ಪಿಸಿ ನನ್ನನ್ನೂ ಕರೆದುಕೊಂಡು ಹೋದಳು. ಫ್ಯಾನುಗಳಿದ್ದ ದೊಡ್ಡ ಸಭಾಂಗಣ, ವೇದಿಕೆಯ ಮೇಲೆ ಹೂವಿನ ಕುಂಡಗಳು. ನಮ್ಮೂರಿನಿಂದಲೂ ಹತ್ತಿಪ್ಪತ್ತು ಜನ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಮೇಷ್ಟ್ರು ಎದ್ದು, ನಮ್ಮ ಓಬಕ್ಕನ ಬದುಕೇ ಒಂದು ಪಾಠ ಎಂದು ಪರಿಚಯ ಮಾಡಿಕೊಟ್ಟರು. ಅವ್ವ ಮೈಕನ್ನು ತನ್ನ ಎತ್ತರಕ್ಕೆ ತಗ್ಗಿಸಿಕೊಂಡಳು.

"ನಮ್ಮಕ್ಕನ ಕಥೆ ಇವತ್ತು ಹೇಳಾಕಿಲ್ಲ. ಅದು ನಿಮಗೆಲ್ಲ ಬಾಯಿಪಾಠ ಆಗೈತೆ. ಹೋದ ಬ್ಯಾಸಿಗೇಲಿ ಹೊಳಲ್ಕೆರೇಲಿ ನಾನು ಉಂಡ ಊಟದ ಕಥೆ ಹೇಳ್ತೀನಿ. ಅಲ್ಲ, ಉಣ್ಣದೆ ಬಿಟ್ಟ ಊಟದ್ದು."

ಹೇಳಿದಳು. ಎಲೆ ಎಲ್ಲಿ ಹಾಕಿದರು, ಹೋಳಿಗೆ ಎಷ್ಟು ಎತ್ತರದಿಂದ ಬಿತ್ತು, ಬಕೆಟ್ಟು ಯಾವ ಮೆಟ್ಟಿಲ ಮೇಲಿತ್ತು, ಎಲ್ಲ. ಮನೆ ಯಾರದೆಂದೂ ಹೇಳಿದಳು. ಅಲ್ಲಿಗೇ ನಿಲ್ಲಿಸಲಿಲ್ಲ. ನಮ್ಮೂರಿನಲ್ಲಿ ಅಪ್ಪ ಕಟ್ಟಿದ ಮನೆಗಳ ಹೆಸರು ಹಿಡಿದು, ಇವರ ಒಲೆಕಟ್ಟೆ ನನ್ನ ಗಂಡ ಕಟ್ಟಿದ್ದು, ಇವರ ದೇವರಗೂಡು ನನ್ನ ಗಂಡ ಕಟ್ಟಿದ್ದು, ಇವತ್ತು ಅವನು ಆ ಮನೆಗಳ ಒಳಗೆ ಹೋಗಂಗಿಲ್ಲ, ಆ ಮನೆಯೋರು ಇಲ್ಲೇ ಕುಂತವ್ರೆ, ಬೇಕಾದ್ರೆ ಕೇಳಿ ನೋಡ್ರಿ ಎಂದಳು. ಆ ಹೊತ್ತಿಗೆ ಮೈಕು ನಿಂತಿತು. ಕರೆಂಟು ಹೋಗಿರಲಿಲ್ಲ, ಫ್ಯಾನುಗಳು ತಿರುಗುತ್ತಲೇ ಇದ್ದವು. ಅವ್ವ ಬರಿಗಂಟಲಿನಲ್ಲಿ ಉಳಿದದ್ದನ್ನು ಹೇಳಿ ಮುಗಿಸಿದಳು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾನೂ ತಟ್ಟಲಿಲ್ಲ. ಮೆಟ್ಟಿಲಿಳಿಯುವಾಗ ಮೇಷ್ಟ್ರು ಅಡ್ಡ ಬಂದರು. ಅವರ ಮುಖ ಕಪ್ಪಿಟ್ಟಿತ್ತು.

"ಓಬಕ್ಕ, ಮನೆ ವಿಷಯನ ಇಲ್ಲಿಗೆ ತರಬಾರದಿತ್ತು ನೀವು."

"ನಮ್ಮಕ್ಕ ಸತ್ತಿದ್ದು ನಮ್ಮನೆ ವಿಷಯ ಅಲ್ವೇನ್ರಿ ಮೇಷ್ಟ್ರೇ?"

ಅವ್ವ ನನ್ನ ಕೈ ಹಿಡಿದು ಹೊರಟಳು. ಬಸ್‌ಸ್ಟ್ಯಾಂಡಿನವರೆಗೂ ಬಿಡಲಿಲ್ಲ, ನನ್ನ ಬೆರಳು ನೋಯುತ್ತಿದ್ದವು.

ಊರು ಜಗಳಕ್ಕೆ ಬರಲಿಲ್ಲ. ಯಾರೂ ಬಯ್ಯಲಿಲ್ಲ, ಕಲ್ಲು ಹೊಡೆಯಲಿಲ್ಲ. ಸುಮ್ಮನೆ ಕೆಲಸ ನಿಂತಿತು. ಅಪ್ಪ ಕಿಟಕಿಯ ಮಟ್ಟಕ್ಕೆ ಏರಿಸಿದ್ದ ಒಂದು ಗೋಡೆಯನ್ನು ಮುಗಿಸಲು ಹೋದರೆ, ಸದ್ಯಕ್ಕೆ ಬ್ಯಾಡ ದುರ್ಗಪ್ಪ ಎಂದು ವಾಪಸ್ಸು ಕಳಿಸಿದರು. ಆ ಗೋಡೆಯನ್ನು ಮುಂದಿನ ವಾರ ಹಿರಿಯೂರಿನಿಂದ ಬಂದ ಮೇಸ್ತ್ರಿಯೊಬ್ಬ ಮುಗಿಸಿದ. ಅವ್ವನನ್ನು ಶೇಂಗಾ ಕೀಳಲು ಯಾರೂ ಕರೆಯಲಿಲ್ಲ. ಅಂಗಡಿಯಲ್ಲಿ ನಾನು ನಿಂತಿದ್ದರೆ ನನ್ನ ಹಿಂದೆ ಬಂದವರಿಗೆಲ್ಲ ಸಾಮಾನು ಕೊಟ್ಟು ಕೊನೆಗೆ ನನಗೆ ಕೊಡುತ್ತಿದ್ದರು. ದೇವರಂಥ ಮೇಷ್ಟ್ರಿಗೆ ಹಿಂಗೆ ಮಾಡಿದ್ಲಲ್ಲ ಎನ್ನುವುದೊಂದೇ ಎಲ್ಲರ ಬಾಯಲ್ಲಿದ್ದ ಮಾತು. ಎರಡು ವರ್ಷದ ಭಾಷಣ ಕೇಳಿ ಒಬ್ಬನೂ ತನ್ನ ಹೊಸಿಲಿನ ಬಗ್ಗೆ ಯೋಚಿಸಿರಲಿಲ್ಲ. ಒಂದೇ ಒಂದು ನಿಜವಾದ ಮಾತಿಗೆ ಎಲ್ಲರೂ ಎಚ್ಚರಗೊಂಡಿದ್ದರು. ಮನೆಯೊಳಗೆ ಅಪ್ಪ ಮೊದಲ ಸಲ ದನಿ ಎತ್ತಿದ.

"ನಿನ್ನ ಮಾತಿಗೆ ನನ್ನ ಕೈ ಕಟ್ಟಿ ಹಾಕಿದ್ರಲ್ಲೇ! ಹೆಸರು ಯಾಕೆ ಹೇಳ್ದೆ? ಅಷ್ಟು ದಿನ ಹೆಸರು ಹೇಳ್ದಂಗೆ ಮಾತಾಡ್ತಿರಲಿಲ್ವಾ?"

"ಹೆಸರು ಹೇಳ್ದೆ ಇದ್ದಿದ್ದಕ್ಕೇ ಚಪ್ಪಾಳೆ ಹೊಡೀತಿದ್ರು."

ಅಪ್ಪ ನೀರಿನ ಚೊಂಬನ್ನು ಗೋಡೆಗೆ ಎಸೆದ. ಅವನೇ ಗಿಲಾವು ಮಾಡಿದ ಗೋಡೆ, ಒಂದು ಚಕ್ಕೆ ಎದ್ದು ಬಂತು. ಅಜ್ಜಿ ಇನ್ನೇನು ಅವ್ವನ ಮೇಲೆ ಬೀಳುತ್ತಾಳೆ ಎಂದು ನಾನು ಮುದುಡಿ ಕೂತೆ. ಅಜ್ಜಿ ಎದ್ದು ಚೊಂಬನ್ನು ಎತ್ತಿಟ್ಟಳು. ಅಳಿಯನ ಎದುರಿಗೆ ನಿಂತು ಮಾತಾಡುವವಳಲ್ಲ ಅವಳು, ಅಂದು ನಿಂತಳು.

"ಅವಳನ್ನ ಏನೂ ಅನ್ನಬ್ಯಾಡಪ್ಪ. ಅವತ್ತೊಂದು ದಿನ ನನ್ನ ಸತ್ತ ಮಗಳನ್ನ ಮನೇಲಿ ಬಿಟ್ಟು ಹೋಗಿದ್ಲು. ನನಗೆ ಅಷ್ಟು ಸಾಕು."

ಆಮೇಲೆ ಅಪ್ಪ ಬೆಳಗಿನ ಮೊದಲ ಬಸ್ಸಿಗೆ ಹಿರಿಯೂರಿಗೆ ಹೋಗತೊಡಗಿದ. ಕೆಲವು ಸಲ ಭೀಮಸಮುದ್ರದ ಕಡೆ ಕೆಲಸ ಸಿಕ್ಕರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವನಿಲ್ಲದ ಮನೆಯಲ್ಲಿ ಮೂವರು ಹೆಂಗಸರು ಉಣ್ಣುತ್ತಿದ್ದೆವು. ಸಾರು ತೆಳುವಾಯಿತು. ಅವ್ವನನ್ನು ಸಭೆಗಳಿಗೆ ಯಾರೂ ಕರೆಯಲಿಲ್ಲ. ಸಭೆಗಳು ನಿಲ್ಲಲಿಲ್ಲ, ಬೇರೆ ಕಾಲೋನಿಯ ಬೇರೆ ಹೆಂಗಸೊಬ್ಬಳು ಸಿಕ್ಕಿದ್ದಳು, ಅವಳಿಗೂ ಅಳುವುದು ಬರುತ್ತಿತ್ತು.

ಮೇಷ್ಟ್ರು ಒಂದು ಸಲ ನಮ್ಮ ಮನೆಗೆ ಬಂದರು. ಎರಡು ವರ್ಷ ಕಳೆದಿತ್ತು, ಅವರಿಗೆ ವರ್ಗವಾಗಿತ್ತು. ಯಾರೂ ಕರೆಯದೆಯೇ ಒಳಗೆ ಬಂದು, ಅಪ್ಪ ನುಣುಪು ಮಾಡಿದ್ದ ನೆಲದ ಮೇಲೆ ಕೂತು, ಊಟ ಹಾಕ್ರಿ ಓಬಕ್ಕ ಎಂದರು. ಅವ್ವ ಮುದ್ದೆ, ಹುರುಳಿ ಸಾರು ಹಾಕಿದಳು. ಕೈಯಿಂದ ತಟ್ಟೆಗೆ, ಬಗ್ಗಿ. ಅವರು ತಲೆ ತಗ್ಗಿಸಿ ಉಂಡರು. ಅವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರೆಂದು ನಾನು ಹೇಳಲಾರೆ. ಕಾಲೋನಿಯ ಅರ್ಧ ಜನ ಬಾಗಿಲಲ್ಲಿ ನಿಂತು, ಮೇಷ್ಟ್ರು ಉಂಡರು, ಮೇಷ್ಟ್ರು ಉಂಡರು ಎಂದು ಸಂಭ್ರಮ ಪಡುತ್ತಿದ್ದರು. ಅವ್ವ ಕೈತೊಳೆಯಲು ನೀರು ಕೊಟ್ಟು ಕೇಳಿದಳು.

"ನಮ್ಮನೇಲಿ ನೀವು ಉಂಡಿದ್ದು ಆತು. ನಿಮ್ಮ ಅಡಿಗೆಮನೆಗೆ ನನ್ನ ಯಾವಾಗ ಕರೀತೀರ?"

"ಕರೀತೀನಿ ಓಬಕ್ಕ. ನಮ್ಮವ್ವ ಒಂದು ಇರೋಗಂಟ..."

"ಅಂದ್ರೆ ನಿಮ್ಮವ್ವ ಸಾಯೋದನ್ನ ನಾನು ಕಾಯಬೇಕಾ ಮೇಷ್ಟ್ರೇ? ಅಂಥ ಪಾಪದ ಕೆಲಸ ನನ್ನ ಕೈಲಿ ಮಾಡಿಸಬ್ಯಾಡ್ರಿ."

ಮೇಷ್ಟ್ರ ತಾಯಿ ಅದೇ ವರ್ಷ ತೀರಿಕೊಂಡರು. ಕರೆ ಬರಲಿಲ್ಲ. ಅವ್ವನೂ ಕಾಯಲಿಲ್ಲ. ಮೇಷ್ಟ್ರು ಒಳ್ಳೆಯವರಲ್ಲವೇ ಎಂದು ನನ್ನನ್ನು ಕೇಳುವವರಿದ್ದಾರೆ. ಒಳ್ಳೆಯವರೇ. ನನಗೆ ಸಿಟ್ಟು ಬರುವುದೇ ಅದಕ್ಕೆ. ಗಾಡಿ ಕೊಡದ ಆ ನಾಲ್ಕು ಮನೆಯವರ ಮೇಲೆ ಬರುವ ಸಿಟ್ಟು ಒಂದು ಥರ, ಅದಕ್ಕೊಂದು ಕೊನೆಯಿದೆ. ಜೀವನಪೂರ್ತಿ ಜಾತಿ ಹೋಗಬೇಕೆಂದು ಮಾತಾಡಿ, ತನ್ನ ಮನೆಯ ಹೊಸಿಲಿಗೆ ಬಂದಾಗ ಗಾಳಿ ಚೆನ್ನಾಗೈತೆ ಎಂದವರ ಮೇಲಿನ ಸಿಟ್ಟಿಗೆ ಎಲ್ಲಿ ಕೊನೆ ಹಾಕಬೇಕೋ ನನಗೆ ತಿಳಿದಿಲ್ಲ.

ಅವ್ವ, ಅಪ್ಪ, ಅಜ್ಜಿ ಮೂವರೂ ಈಗಿಲ್ಲ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಿಯ ಹತ್ತಿರಕ್ಕೆ ಬಂದಿದ್ದೇನೆ. ದುರ್ಗದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ನೀವು ಯಾವ ಜನ ಎಂಬ ಪ್ರಶ್ನೆಯನ್ನು ಎಷ್ಟು ನಯವಾಗಿ ಕೇಳಬಹುದೋ ಅಷ್ಟೂ ಬಗೆಯಲ್ಲಿ ಕೇಳಿಸಿಕೊಂಡಿದ್ದೇನೆ. ಹಾಗೆ ಕೇಳಿದವರಲ್ಲಿ ಒಬ್ಬಾಕೆ ಜಾತಿವಿನಾಶದ ಮೇಲೆ ಒಳ್ಳೆಯ ಉಪನ್ಯಾಸ ಕೊಡುವವಳು. ಜನ ಮಾತು ಕಲಿತಿದ್ದಾರೆ. ಯಾವ ಪದ ಬಳಸಬಾರದು ಎನ್ನುವುದು ಎಲ್ಲರಿಗೂ ಗೊತ್ತಿದೆ. ಬೀಗದ ಕೈ ಮಾತ್ರ ಅವರ ಜೇಬಿನಲ್ಲೇ ಇದೆ. ಹಾಗಿದ್ದೂ ಸಂವಾದಕ್ಕೆ ಕರೆದರೆ ನಾನು ಹೋಗುತ್ತೇನೆ. ಯಾಕೆ ಹೋಗುತ್ತೀ ಎಂದು ನನ್ನ ಮಗಳೇ ಜಗಳವಾಡುತ್ತಾಳೆ.

ಹೋದ ವರ್ಷ ಹೊಸದುರ್ಗದ ಕಡೆಯ ಒಂದು ಶಾಲೆಗೆ ಕರೆದಿದ್ದರು. ಬ್ಯಾನರು, ಹಾರ, ಮೊಬೈಲು ಹಿಡಿದು ವಿಡಿಯೋ ಮಾಡುವವರು. ಸಂವಾದದಿಂದ ಮನಸ್ಸು ಬದಲಾದೀತೇ ಎನ್ನುವುದೇ ವಿಷಯ. ಬದಲಾದೀತು ಎಂದು ನನಗಿಂತ ಮುಂಚೆ ಮೂವರು ಹೇಳಿದರು. ನಾನು ವಿಷಯ ಬಿಟ್ಟು, ಹೊಳಲ್ಕೆರೆಯ ಜಗಲಿಯಿಂದ ಹಿಡಿದು ಅರ್ಧಕ್ಕೆ ನಿಂತ ಗೋಡೆಯವರೆಗೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಮೈಕು ಯಾರೂ ನಿಲ್ಲಿಸಲಿಲ್ಲ. ಪ್ರಶ್ನೆ ಕೇಳಿ ಎಂದಾಗ ಅಧ್ಯಾಪಕರೊಬ್ಬರು ಎದ್ದು, ಅದೆಲ್ಲ ಹಿಂದಿನ ಕಾಲದ್ದು, ಈಗ ಎಲ್ಲ ಸುಧಾರಿಸಿದೆಯಲ್ಲವೇ ಮೇಡಂ ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಎಂಟನೆಯದೋ ಒಂಬತ್ತನೆಯದೋ ಓದುವ ಒಂದು ಹುಡುಗಿ ಎದ್ದು ನಿಂತಳು. ಕೈ ಎತ್ತಿರಲಿಲ್ಲ, ಅನುಮತಿ ಕೇಳಲಿಲ್ಲ.

"ಮೇಡಂ, ಆಮ್ಯಾಲೆ ನಿಮ್ಮಪ್ಪಂಗೆ ಊರಾಗೆ ಮತ್ತೆ ಕೆಲಸ ಕೊಟ್ರಾ?"

ಇಷ್ಟು ವರ್ಷಗಳಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಅವ್ವನನ್ನೂ ಯಾರೂ ಕೇಳಿರಲಿಲ್ಲ.

"ಇಲ್ಲ ಕಣಮ್ಮ," ಎಂದೆ. "ಸಾಯೋವರೆಗೂ ಕೊಡಲಿಲ್ಲ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೂತ್ಕೋ ಎಂದು ಅಧ್ಯಾಪಕರು ಎರಡು ಸಲ ಹೇಳಿದರು. ಅವಳು ಕೂರಲಿಲ್ಲ.